ಅಂದಾಜು ಪಟ್ಟಿಯ ಹದಿನಾಲ್ಕನೆಯ ಸಾಲು

ಮೊದಲು ಅಳತೆ. ಉದ್ದ ಎಪ್ಪತ್ತೆರಡು ಅಡಿ,
ಅಗಲ ನಲವತ್ತು. ತೆಂಕಣ ಮೂಲೆಯಲ್ಲಿ ಮಾಡು
ಮೂರು ಬೆರಳು ಜಗ್ಗಿದೆ. ಕೆಳಗೊಂದು ಹಲಸಿನ ಊರೆ,
ಮುದುಕನ ಕಂಕುಳಿಗೆ ಕೋಲು ಕೊಟ್ಟ ಹಾಗೆ.

ಸಾಗರದ ಉಪನೋಂದಣಿ ಕಚೇರಿ ಇದು ಈಗ.
ಒಂದು ಕಾಲಕ್ಕೆ ವೀಣೆ ನುಡಿದಿತ್ತಂತೆ ಇಲ್ಲಿ,
ಬೆಳಗಿನ ಜಾವದ ತನಕ ಆಟ ಕುಣಿದಿತ್ತಂತೆ.
ಈಗ ಗೋಡೆಯುದ್ದಕ್ಕೂ
ಹೆಬ್ಬೆಟ್ಟಿನ ಶಾಯಿ ಒರೆಸಿದ ಗುರುತು,
ಮಾರಿದವರದು, ಕೊಂಡವರದು, ಎಲ್ಲ ಒಂದೇ ನೀಲಿ.

ಅದರ ಮೇಲೆ ಅವರು,
ಆರಡಿ ಎತ್ತರದ ಎಣ್ಣೆಬಣ್ಣದಲ್ಲಿ
ಜಹಗೀರ್ದಾರ್ ಮರುಳಪ್ಪ ನಾಯಕರು.
ಜರಿಯ ರುಮಾಲು, ಕಿವಿಯಲ್ಲಿ ಒಂಟಿ,
ಬಲಗೈಯಲ್ಲಿ ಕತ್ತಿಯಲ್ಲ, ಮಡಚುವ ಅಳತೆಗೋಲು.
ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟರು.
ಕಣ್ಣು ನಮ್ಮತ್ತ ಇಲ್ಲ, ಚೌಕಟ್ಟಿನಾಚೆ ಎಲ್ಲೋ,
ಮೇಸ್ತ್ರಿ ಗಾರೆಗೆ ಬೆಲ್ಲದ ನೀರು ಕಡಿಮೆ ಹಾಕಿದನೇನೋ
ಎಂದು ಗುಮಾನಿಪಡುವ ಹಾಗೆ.
ಬೆನ್ನ ಹಿಂದೆ ಇದೇ ಸಭಾಂಗಣ, ಇದೇ ಕಂಬಸಾಲು.

‘ಎಣಿಸಿ ಮೇಡಂ’ ಅಂದ ಜವಾನ ಹುಚ್ಚಪ್ಪ.
ಚಿತ್ರದಲ್ಲಿ ಏಳು.
ನೆಲದ ಮೇಲೆ ನಿಂತವೂ ಏಳು.
‘ಗುಡಿಗಾರ ಹಿರಿಯಣ್ಣ ಕೆತ್ತಿದ್ದು ಎಂಟು.’

ಬೀಗದ ಕೈ ಗೊಂಚಲು ಕುಲುಕುತ್ತ ಅವನು ಹೇಳಿದ್ದಿಷ್ಟು:
ತಳಪಾಯ ತೋಡುವ ಮೊದಲೇ ಚಿತ್ರ ಬರೆಸಿದರಂತೆ,
ಗಂಧದಲ್ಲಿ ಕೊರೆದ ಮೊಳದುದ್ದದ ಮಾದರಿ ನೋಡಿಕೊಂಡು.
ಹೆಂಡತಿಯ ಡಾಬು ಅಡವಿಟ್ಟು ಸಾಗುವಾನಿ ತರಿಸಿದ ಒಡೆಯರು
ಎಂಟನೆಯ ಕಂಬ ಏಳುವ ದಿನ ಬಂದರು, ಎಣಿಸಿದರು,
ಮನೆಗೆ ಹೋಗಿ ಚಿತ್ರದಲ್ಲಿ ಎಣಿಸಿದರು, ತಿರುಗಿ ಬಂದರು:
‘ಮುಂದಿನವರು ನನ್ನ ಪಟವನ್ನು ಸುಳ್ಳು ಅನ್ನಬಾರದು.
ಅದೊಂದು ಬೇಡ.’
ಕೇಳೋಣವೆಂದರೆ ಚಿತ್ರಗಾರ ತಿಮ್ಮಣ್ಣ
ಕೂಲಿ ತೆಗೆದುಕೊಂಡು ಧಾರವಾಡ ಸೇರಿದ್ದ.
ಹಿರಿಯಣ್ಣ ಒಡೆಯರ ಕಾಲು ನೋಡುತ್ತ ನಿಂತವ,
ಪಟದತ್ತ ಕತ್ತೆತ್ತಲಿಲ್ಲ.
ಕಂಬದ ಪೀಠ ಹಿತ್ತಲಲ್ಲಿದೆ, ಅದರ ಮೇಲೆ ಕತ್ತಿ ಮಸೆಯುತ್ತಾರೆ.
ಕಂಬ ಗುಡಿಗಾರರ ಜಗುಲಿಯಲ್ಲಿ ಮಲಗಿದೆ,
ನೂರು ವರ್ಷದಿಂದ ಜನ ಅದರ ಮೇಲೆ ಕೂತು
ಚಹಾ ಕುಡಿಯುತ್ತಿದ್ದಾರೆ.

ಬಿರುಕು ನೋಡಲೆಂದು ತಂದ ಏಣಿ.
ಹತ್ತಿದೆ. ತೊಲೆಯ ಸಂದಿಯಲ್ಲಿ ಕಣಜದ ಗೂಡು,
ಕೆಳಗೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ನಾಯಕರು.
ದುಪ್ಪಟ್ಟಾದ ತುದಿಯಿಂದ ಧೂಳು ಒರೆಸಿದೆ,
ಹೆಗಲು, ತೋಳು, ಮೊಣಕೈಯ ಮಡಿಕೆ,

ಅಲ್ಲಿತ್ತು.
ಮೊಣಕೈ ಅಂಚಿಗೆ, ನೂಲಿನಷ್ಟು ಅಗಲ,
ಬೋದಿಗೆಯ ಒಂದು ಎಸಳು,
ಎಸಳಿನ ತುದಿಯಲ್ಲಿ ಗಿಳಿಯ ಅರ್ಧ ಕೊಕ್ಕು.
ತಿಮ್ಮಣ್ಣ ತಪ್ಪಿರಲಿಲ್ಲ. ಎಂಟನ್ನೂ ಬರೆದಿದ್ದ.
ಎಂಟನೆಯದಕ್ಕೆ
ತಾವೇ ಅಡ್ಡ ನಿಂತಿದ್ದಿರಿ, ಸ್ವಾಮಿ.

ಏಣಿಯ ಮೇಲೆ ಒಬ್ಬಳೇ ನಕ್ಕೆ.
ಆಮೇಲೆ ನಗು ನಿಂತಿತು. ಯಾಕೆಂದರೆ
ಇಷ್ಟು ಹತ್ತಿರದಿಂದ ಕಂಡಿತು, ಅವರ ಉಗುರಿನಲ್ಲಿ ಸುಣ್ಣ.
ಅದನ್ನೂ ಬಿಡದೆ ಬರೆದಿದ್ದಾನೆ ಪುಣ್ಯಾತ್ಮ.
ಗಾರೆ ಮುಟ್ಟಿ ನೋಡಿದ ಕೈ. ಕಟ್ಟಡವನ್ನು ಪ್ರೀತಿಸಿದ ಕೈ.
ತನ್ನ ಬೆನ್ನ ಹಿಂದೇನಿದೆ ಎಂದು
ಯಾವ ಅಳತೆಗೋಲು ಹೇಳುತ್ತದೆ ಯಾರಿಗೆ?

ಇಳಿದು ಬರೆದೆ.
ಸಾಲು ಹದಿಮೂರು: ಹೆಂಚು, ರೀಪು, ಮೊಳೆ.
ಸಾಲು ಹದಿನಾಲ್ಕು: ಸಾಗುವಾನಿ ಕಂಬ, ಒಂದು.
ಹಳೆಯದು, ಕೆತ್ತನೆಯುಳ್ಳದ್ದು.
ದರ: ಸಾಗಾಣಿಕೆ ಮಾತ್ರ.

ಹುಚ್ಚಪ್ಪ ಹೆಗಲ ಮೇಲಿಂದ ಓದಿದ.
‘ಮತ್ತೆ ಪಟ ಸುಳ್ಳಾಗ್ತದಲ್ಲ?’
ಏಣಿ ತೋರಿಸಿದೆ.
ಚಪ್ಪಲಿ ಬಿಟ್ಟು ಹತ್ತಿದ. ಬಹಳ ಹೊತ್ತು ಇಳಿಯಲಿಲ್ಲ.
ಕೆಳಗೆ ಯಾರೋ ಹೆಬ್ಬೆಟ್ಟು ಒತ್ತಿ
ಒರೆಸಲು ಜಾಗ ಹುಡುಕುತ್ತಿದ್ದರು.
ಮೇಲಿನಿಂದ ಅವನ ದನಿ ಬಂತು,
‘ಗಿಣಿ, ಮೇಡಂ. ಜಗುಲಿ ಕಂಬದಲ್ಲೂ ಐತೆ ಇದು.
ನಾನು ದಿನಾ ಇದರ ಮೇಲೇ ಲೋಟ ಇಡ್ತೀನಿ.’